ಗಾಡಿಯ ಹೊಗೆಯೂ ಜನರ ಒಪ್ಪಿಗೆಯೂ

ಮೋಟಾರು ಗಾಡಿಗಳ ಹೊಗೆ ಕಡಮೆಯಾಗಬೇಕೆ ಎಂದು ಯಾರನ್ನಾದರೂ ಕೇಳಿ ನೋಡಿ. ಬೇಡವೆನ್ನುವವರು ಸಿಕ್ಕುವುದಿಲ್ಲ. ಸಾಗರದ ಪೇಟೆಯಲ್ಲಿ ಅಂಗಡಿಯಿಟ್ಟುಕೊಂಡವರು, ತೀರ್ಥಹಳ್ಳಿಯ ಬಸ್ಸು ನಿಲ್ದಾಣದಲ್ಲಿ ಕಾದು ನಿಂತವರು, ಕಡೆಗೆ ಲಾರಿ ನಡೆಸಿಯೇ ಸಂಸಾರ ಸಾಗಿಸುವವರು ಕೂಡ ಕಡಮೆಯಾಗಲಿ ಎಂದೇ ಹೇಳುತ್ತಾರೆ. ಹಾಗಾದರೆ ಅದಕ್ಕಾಗಿ ತಾವು ಏನನ್ನು ಬಿಡುವಿರಿ ಎಂದು ಎರಡನೆಯ ಪ್ರಶ್ನೆಯನ್ನು ಹಾಕಿದರೆ ಮಾತು ತಡವರಿಸುತ್ತದೆ. ಸ್ಕೂಟರನ್ನು ಬಿಡಬಹುದು, ಆದರೆ ಏಳೂವರೆಯ ಬಸ್ಸು ಬರುವುದೆಂಬ ಭರವಸೆಯೇನು? ಡೀಸಲಿಗೆ ಇನ್ನೆರಡು ರೂಪಾಯಿ ತೆರಿಗೆ ಕೊಡಬಹುದು, ಆದರೆ ಅಡಕೆಯ ಮೂಟೆಯನ್ನು ಮಂಡಿಗೆ ಸಾಗಿಸುವ ಬಾಡಿಗೆ ಏರಿದರೆ ಅದನ್ನು ಹೊರುವವರು ಯಾರು? ಸಾರಿಗೆಯ ಹೊಗೆಯನ್ನು ಇಳಿಸಬೇಕೆಂದು ಸರ್ಕಾರಗಳು ಹೂಡುವ ಯೋಜನೆಗಳು ನಿಲ್ಲುವುದೂ ಬೀಳುವುದೂ ಈ ಎರಡನೆಯ ಪ್ರಶ್ನೆಯ ಮೇಲೆ. ಮೊದಲನೆಯ ಪ್ರಶ್ನೆಗೆ ಬಂದ ಉತ್ತರವನ್ನೇ ಜನಾಭಿಪ್ರಾಯವೆಂದು ಹಿಡಿದುಕೊಂಡರೆ ಪ್ರಯೋಜನವಿಲ್ಲ.

ಅಭಿಪ್ರಾಯವೆಂಬ ಶಬ್ದದ ಒಡಲಲ್ಲಿ ‘ಇ’ ಎಂಬ ಧಾತು ಉಂಟು. ಹೋಗು ಎಂದು ಅದರ ಅರ್ಥ. ಅಭಿ, ಪ್ರ ಎಂಬ ಎರಡು ಉಪಸರ್ಗಗಳು ಅದಕ್ಕೆ ಸೇರಿ ಒಂದರ ಕಡೆಗೆ ನಡೆಯುವುದು ಎಂಬ ಭಾವ ಬಂದಿದೆ. ಕನ್ನಡದ ‘ಸಾರು’ ಎಂಬ ಧಾತುವಿಗೂ ಸಮೀಪಿಸು ಎಂಬ ಅರ್ಥವಿರುವುದನ್ನು ಬಲ್ಲವರು ಬಲ್ಲರು. ವ್ಯಾಕರಣದ ಈ ಚಪಲವನ್ನು ವಾಚಕರು ಮನ್ನಿಸಬೇಕು. ಆದರೆ ವಿಷಯಕ್ಕೆ ಇದು ತೀರ ಹೊರಗಿನದಲ್ಲ. ಸಾರಿಗೆಯ ಮಾತಿನಲ್ಲಿ ಜನರ ಬಾಯಿಗಿಂತ ಕಾಲುಗಳು ಹೆಚ್ಚು ನಿಜವನ್ನು ಹೇಳುತ್ತವೆ. ಬೆಂಗಳೂರಿನ ಮೆಟ್ರೊ ರೈಲಿನ ದರವನ್ನು ೨೦೨೫ರ ಫೆಬ್ರುವರಿಯಲ್ಲಿ ಏರಿಸಿದಾಗ, ಪತ್ರಿಕೆಗಳಲ್ಲಿ ಬಂದ ಖಂಡನೆಗಳಿಗಿಂತ, ಅನಂತರದ ವಾರಗಳಲ್ಲಿ ಇಳಿದ ಪ್ರಯಾಣಿಕರ ಸಂಖ್ಯೆಯೇ ಸ್ಪಷ್ಟವಾದ ಉತ್ತರವಾಗಿತ್ತು.

ಮೊದಲು ಹೊಗೆಯ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಒಟ್ಟಾಗಿ ಹೊಗೆಯೆನ್ನುವುದರಲ್ಲಿ ಎರಡು ಬಗೆ. ಕಣ್ಣು ಉರಿಸುವ, ಕೆಮ್ಮು ತರಿಸುವ ಮಸಿ ಮತ್ತು ವಿಷಾನಿಲಗಳು ಒಂದು ಬಗೆ. ಇವು ಹುಟ್ಟಿದ ಊರಿನಲ್ಲಿಯೇ ಹೆಚ್ಚು ಕೇಡು ಮಾಡುತ್ತವೆ. ಬಣ್ಣವೂ ವಾಸನೆಯೂ ಇಲ್ಲದ ಇಂಗಾಲದ ಡೈಆಕ್ಸೈಡು ಇನ್ನೊಂದು ಬಗೆ. ಅದು ಎಲ್ಲಿ ಹುಟ್ಟಿದರೂ ಇಡೀ ಭೂಮಂಡಲದ ಗಾಳಿಯನ್ನು ಸೇರಿ ಶಾಖವನ್ನು ತಡೆಹಿಡಿಯುತ್ತದೆ. ಪೆಟ್ರೋಲ್ ಬಂಕಿನ ಬದಿಯ ಗೂಡಿನಲ್ಲಿ ಹೊಗೆಕೊಳವಿಗೆ ನಳಿಗೆ ತುರುಕಿ ಕೊಡುವ ತಪಾಸಣೆಯ ಚೀಟಿ ಮೊದಲನೆಯ ಬಗೆಗೆ ಸಂಬಂಧಿಸಿದ್ದು. ೨೦೨೦ರ ಏಪ್ರಿಲ್ ೧ರಿಂದ ದೇಶಾದ್ಯಂತ ಜಾರಿಗೆ ಬಂದ ಭಾರತ್ ಸ್ಟೇಜ್ ಆರು ಎಂಬ ಕಟ್ಟಳೆಯೂ ಮುಖ್ಯವಾಗಿ ಅದಕ್ಕಾಗಿಯೇ. ಇಂಧನದಲ್ಲಿರಬಹುದಾದ ಗಂಧಕದ ಮಿತಿ ಹತ್ತು ಲಕ್ಷಕ್ಕೆ ೫೦ ಪಾಲಿನಿಂದ ೧೦ ಪಾಲಿಗೆ ಇಳಿಯಿತು. ಎರಡನೆಯದನ್ನು ಯಾವ ಚೀಟಿಯೂ ಕಡಮೆ ಮಾಡದು. ಸುಡುವ ಎಣ್ಣೆ ಕಡಮೆಯಾದರೆ ಮಾತ್ರ ಅದು ಕಡಮೆಯಾದೀತು.

ಒಂದು ಲೀಟರು ಪೆಟ್ರೋಲಿನ ತೂಕ ಮುಕ್ಕಾಲು ಕಿಲೋಗ್ರಾಮಿನಷ್ಟು. ಅದು ಸುಟ್ಟಾಗ ಹುಟ್ಟುವ ಇಂಗಾಲದ ಡೈಆಕ್ಸೈಡಿನ ತೂಕವೋ ಸುಮಾರು ೨.೩ ಕಿಲೋ. ಮುಕ್ಕಾಲು ಕಿಲೋ ಪದಾರ್ಥದಿಂದ ಎರಡು ಕಿಲೋವಿಗೂ ಮೀರಿದ ಅನಿಲ ಹೇಗೆ ಬಂತೆಂದು ಆಶ್ಚರ್ಯವಾಗಬಹುದು. ಎಣ್ಣೆಯಲ್ಲಿರುವ ಇಂಗಾಲದ ಹನ್ನೆರಡು ಪಾಲು ತೂಕಕ್ಕೆ ಗಾಳಿಯಲ್ಲಿರುವ ಆಮ್ಲಜನಕದ ಮೂವತ್ತೆರಡು ಪಾಲು ಬಂದು ಕೂಡುವುದೇ ಇದರ ಗುಟ್ಟು. ಡೀಸಲಾದರೆ ಲೀಟರಿಗೆ ಸುಮಾರು ೨.೭ ಕಿಲೋ. ಈಗ ಸಾಗರದಿಂದ ಕಾರ್ಗಲ್ಲಿಗೆ ಮೂವತ್ತು ಕಿಲೋಮೀಟರು ಎಂದಿಟ್ಟುಕೊಂಡು ಒಂದು ಮನೆಲೆಕ್ಕ ಹಾಕೋಣ. ಲೀಟರಿಗೆ ಹದಿನೈದು ಕಿಲೋಮೀಟರು ಓಡುವ ಕಾರಿನಲ್ಲಿ ಒಬ್ಬರೇ ಬಂದರೆ ಎರಡು ಲೀಟರು ಪೆಟ್ರೋಲು, ಅಂದರೆ ೪.೬ ಕಿಲೋ ಅನಿಲ. ಲೀಟರಿಗೆ ಐವತ್ತು ಓಡುವ ಮೋಟಾರ್ ಸೈಕಲ್ಲಿನಲ್ಲಿ ಬಂದರೆ ೧.೪ ಕಿಲೋ. ಬಸ್ಸು ಲೀಟರಿಗೆ ಐದೇ ಕಿಲೋಮೀಟರು ಓಡುವುದರಿಂದ ಅದು ಆರು ಲೀಟರು ಡೀಸಲು ಕುಡಿದು ೧೬ ಕಿಲೋ ಅನಿಲವನ್ನು ಬಿಡುತ್ತದೆ. ಆದರೆ ಒಳಗೆ ಐವತ್ತು ಜನ ಕುಳಿತಿದ್ದರೆ ತಲೆಗೆ ಬರುವುದು ೩೨೦ ಗ್ರಾಮು ಮಾತ್ರ.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವ ಇನ್ನೊಂದು ಅರ್ಧವಿದೆ. ಅದೇ ಬಸ್ಸಿನಲ್ಲಿ ಹತ್ತೇ ಜನ ಇದ್ದರೆ ತಲೆಗೆ ೧.೬ ಕಿಲೋ ಆಗಿ, ಒಬ್ಬನೇ ಕುಳಿತ ಮೋಟಾರ್ ಸೈಕಲ್ಲಿಗಿಂತ ಅದು ಹೆಚ್ಚಾಯಿತು! ಬಯಲುಸೀಮೆಯ ಒತ್ತಾದ ಊರುಗಳಲ್ಲಿ ಬಸ್ಸು ತಾನಾಗಿ ತುಂಬುತ್ತದೆ. ಇಲ್ಲಿ ಗುಡ್ಡಕ್ಕೊಂದು, ಕಣಿವೆಗೊಂದು ಮನೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಒಳಮಾರ್ಗಗಳಲ್ಲಿ ಬಸ್ಸು ಬೆಳಗ್ಗೆ ಸಂಜೆ ಕಿಕ್ಕಿರಿದು, ನಡುಹಗಲು ಬರಿದಾಗಿ ಓಡುತ್ತದೆ. ಬರಿದಾದ ಓಟವನ್ನು ನಷ್ಟವೆಂದು ನಿಲ್ಲಿಸಿದರೆ ಜನ ಮೋಟಾರ್ ಸೈಕಲ್ ಕೊಳ್ಳುತ್ತಾರೆ. ಕೊಂಡ ಮೇಲೆ ಬೆಳಗಿನ ಬಸ್ಸಿಗೂ ಅವರು ಬರುವುದಿಲ್ಲ. ಆಮೇಲೆ ಬೆಳಗಿನದೂ ನಷ್ಟಕ್ಕೆ ಬೀಳುತ್ತದೆ. ಮಲೆನಾಡಿನ ಸಾರಿಗೆಯ ಕಥೆಯಲ್ಲಿ ಈ ಸುಳಿಯನ್ನು ಕಾಣದವರಿಗೆ ಇಲ್ಲಿಯ ಜನರ ಮಾತು ಅರ್ಥವಾಗದು.

ಈ ಸುಳಿಗೆ ಸಿಕ್ಕಿದ ಒಂದು ದೊಡ್ಡ ನಿದರ್ಶನ ನಮ್ಮ ಕಣ್ಣೆದುರಿಗೇ ನಡೆದುಹೋಯಿತು. ೧೯೯೧ರಲ್ಲಿ ಕೊಪ್ಪದಲ್ಲಿ ಖಾಸಗಿ ಬಸ್ಸು ಕಂಪನಿಯೊಂದರ ಕಾರ್ಮಿಕರು ತಾವೇ ಒಂದು ಸಹಕಾರ ಸಂಘವನ್ನು ಕಟ್ಟಿಕೊಂಡು ಬಸ್ಸು ನಡೆಸತೊಡಗಿದರು. ಸಹಕಾರ ಸಾರಿಗೆ ಎಂದು ಅದಕ್ಕೆ ಹೆಸರಾಯಿತು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕು ಇವರೇ ಮಾಲೀಕರು. ಕೆಲವೇ ಬಸ್ಸುಗಳಿಂದ ಮೊದಲಾದದ್ದು ಹತ್ತಾರು ಬಸ್ಸುಗಳಾಗಿ ಚಿಕ್ಕಮಗಳೂರು, ಶಿವಮೊಗ್ಗ ಜಿಲ್ಲೆಗಳ ಎಷ್ಟೋ ಊರುಗಳನ್ನು ಮುಟ್ಟಿತು. ಬೇರೆಯವರು ಬೇಡವೆಂದ ಕಾಡಿನ ದಾರಿಗಳಲ್ಲಿ ಅದು ಓಡಿತು. ವಿದ್ಯಾರ್ಥಿಗಳಿಗೂ ಅಂಗವಿಕಲರಿಗೂ ರಿಯಾಯಿತಿ ಕೊಟ್ಟಿತು. ಹಳ್ಳಿಯ ಹೆಂಗಸರು ಅದನ್ನು ‘ನಮ್ಮ ಬಸ್ಸು’ ಎನ್ನುತ್ತಿದ್ದರು. ಡೀಸಲಿನ ಬೆಲೆ, ತೆರಿಗೆ, ಬಿಡಿಭಾಗಗಳ ಬೆಲೆ ಒಂದು ಕಡೆಯಿಂದ ಏರುತ್ತ, ಪ್ರಯಾಣಿಕರ ಸಂಖ್ಯೆ ಇನ್ನೊಂದು ಕಡೆಯಿಂದ ಇಳಿಯುತ್ತ, ೨೦೨೦ರ ಫೆಬ್ರುವರಿಯಲ್ಲಿ ಬಸ್ಸುಗಳು ನಿಂತವು. ನಿಲ್ಲುವ ಮುನ್ನ ಸಂಘದವರು ಸರ್ಕಾರದಿಂದ ತೆರಿಗೆಯ ವಿನಾಯಿತಿಯನ್ನು ಕೇಳಿದ್ದರು. ಹೊಗೆಯನ್ನು ಇಳಿಸುವ ಯಾವ ನೀತಿಯ ಪಟ್ಟಿಯಲ್ಲಿಯೂ ಇಂಥ ಸಂಘದ ಹೆಸರು ಬರುವುದಿಲ್ಲ. ಆದರೆ ಮೇಲಿನ ಲೆಕ್ಕದ ಪ್ರಕಾರ, ಆ ಬಸ್ಸುಗಳನ್ನು ಉಳಿಸುವುದಕ್ಕಿಂತ ಒಳ್ಳೆಯ ನೀತಿ ನನಗಂತೂ ತೋರುವುದಿಲ್ಲ.

ಇನ್ನು ಶಕ್ತಿ ಯೋಜನೆ. ೨೦೨೩ರ ಜೂನ್ ೧೧ರಂದು ಕರ್ನಾಟಕ ಸರ್ಕಾರವು ರಾಜ್ಯದೊಳಗೆ ತನ್ನ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹಣವಿಲ್ಲದೆ ಪ್ರಯಾಣವೆಂದು ಸಾರಿತು. ೨೦೨೫ರ ಜುಲೈ ಹೊತ್ತಿಗೆ ಹಾಗೆ ಕೊಟ್ಟ ಟಿಕೆಟ್ಟುಗಳ ಸಂಖ್ಯೆ ಐನೂರು ಕೋಟಿಯನ್ನು ಮುಟ್ಟಿತು. ಇದನ್ನು ತಂದದ್ದು ಹೊಗೆಯ ಸಲುವಾಗಿ ಅಲ್ಲ; ಚುನಾವಣೆಯ ಭರವಸೆಯಾಗಿ. ಆದರೂ ಜನರನ್ನು ಬಸ್ಸಿನ ಕಡೆಗೆ ತಿರುಗಿಸುವ ಪ್ರಯೋಗಗಳಲ್ಲಿ ಇಷ್ಟು ದೊಡ್ಡದನ್ನು ನಮ್ಮ ರಾಜ್ಯ ಹಿಂದೆ ಕಂಡಿರಲಿಲ್ಲ. ಹಾಗೆಂದು ಐನೂರು ಕೋಟಿ ಪ್ರಯಾಣಗಳಷ್ಟು ಹೊಗೆ ಉಳಿಯಿತೆಂದು ಲೆಕ್ಕ ಬರೆಯುವುದು ತಪ್ಪಾಗುತ್ತದೆ. ಅವರಲ್ಲಿ ಎಷ್ಟೋ ಜನ ಮೊದಲೂ ಬಸ್ಸಿನಲ್ಲಿಯೇ ಹೋಗುತ್ತಿದ್ದವರು. ಇನ್ನೆಷ್ಟೋ ಜನ ಹಣವಿಲ್ಲದೆ ಮನೆಯಲ್ಲಿಯೇ ಉಳಿಯುತ್ತಿದ್ದವರು. ತೌರಿಗೆ, ಆಸ್ಪತ್ರೆಗೆ, ದೇವಸ್ಥಾನಕ್ಕೆ ಹೋಗಿಬಂದ ಈ ಎರಡನೆಯವರ ಸಂತೋಷ ದೊಡ್ಡದು, ಆದರೆ ಅದು ಹೊಗೆಯ ಖಾತೆಗೆ ಸೇರಿದ್ದಲ್ಲ. ಸ್ಕೂಟರಿನ ಹಿಂದಿನ ಸೀಟನ್ನೋ ಆಟೋವನ್ನೋ ಬಿಟ್ಟು ಬಸ್ಸಿಗೆ ಬಂದವರ ಲೆಕ್ಕ ಮಾತ್ರ ಆ ಖಾತೆಗೆ ಸೇರುತ್ತದೆ.

ಈ ಯೋಜನೆಯ ಬಗೆಗೆ ಜನರ ಮಾತು ಊರಿಗೊಂದು ತೆರನಾಗಿರುವುದಕ್ಕೆ ಕಾರಣವುಂಟು. ರಾಜ್ಯದ ಉತ್ತರ ಭಾಗದಲ್ಲಿ, ಮೈಸೂರು ಸೀಮೆಯಲ್ಲಿ ಸರ್ಕಾರಿ ಬಸ್ಸು ಹಳ್ಳಿಹಳ್ಳಿಗೂ ಹೋಗುತ್ತದೆ. ನಮ್ಮ ಮಲೆನಾಡಿನಲ್ಲಿಯೂ, ಘಟ್ಟದ ಕೆಳಗಿನ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿಯೂ ಬಹುಕಾಲದಿಂದ ಖಾಸಗಿ ಬಸ್ಸುಗಳದೇ ಆಳ್ವಿಕೆ. ಆದುದರಿಂದ ಒಂದೇ ರಾಜ್ಯದ ಒಬ್ಬ ಹೆಣ್ಣುಮಗಳು ಮಂಡ್ಯದಲ್ಲಿ ಹಣ ಕೊಡದೆ ಹೋಗುತ್ತಾಳೆ. ಅವಳ ತಂಗಿಯನ್ನು ಹೊಸನಗರದ ಒಳಗಿನ ಹಳ್ಳಿಗೆ ಕೊಟ್ಟಿದ್ದರೆ ಆಕೆ ಪೂರ್ತಿ ದರ ತೆತ್ತು ಹೋಗುತ್ತಾಳೆ. ಅಕ್ಕನ ಅಭಿಪ್ರಾಯವೂ ತಂಗಿಯ ಅಭಿಪ್ರಾಯವೂ ಒಂದೇ ಆಗಲಿ ಎಂದರೆ ಹೇಗೆ? ಸರ್ಕಾರಿ ಬಸ್ಸು ಓಡುವ ಮುಖ್ಯ ಮಾರ್ಗಗಳಲ್ಲಿ ಖಾಸಗಿಯವರ ಪ್ರಯಾಣಿಕರು ಇಳಿದರೆ, ಆ ನಷ್ಟವನ್ನು ಅವರು ತುಂಬಿಕೊಳ್ಳುವುದು ಒಳಮಾರ್ಗದ ಓಟಗಳನ್ನು ಕಡಿದು. ಯೋಜನೆ ಮುಟ್ಟದ ಹಳ್ಳಿಗೆ ಯೋಜನೆಯ ಪೆಟ್ಟು ಮಾತ್ರ ಮುಟ್ಟುವ ಅಪಾಯ ಹೀಗೆ ಹುಟ್ಟುತ್ತದೆ. ಖಾಸಗಿ ಸಾರಿಗೆಯವರು ೨೦೨೩ರ ಸೆಪ್ಟೆಂಬರ್ ೧೧ರಂದು ಬೆಂಗಳೂರಿನಲ್ಲಿ ಬಂದ್ ನಡೆಸಿದಾಗ ಅವರ ಬೇಡಿಕೆಗಳಲ್ಲಿ ಶಕ್ತಿಯಿಂದಾದ ನಷ್ಟಕ್ಕೆ ಪರಿಹಾರವೂ ಒಂದಾಗಿತ್ತು. ಅವರ ಉಳಿದ ಬೇಡಿಕೆಗಳೆಲ್ಲ ನ್ಯಾಯವೆಂದು ನಾನು ಹೇಳುವುದಿಲ್ಲ. ಇದರಲ್ಲಿ ಮಾತ್ರ ಯೋಚಿಸತಕ್ಕ ಅಂಶವಿತ್ತು.

ಶಾಲೆಗಳಲ್ಲಿ ಕೆಲಸ ಮಾಡುವವರಿಗೆ ಬಸ್ಸಿನ ವಿಷಯ ವೇಳಾಪಟ್ಟಿಯಷ್ಟೇ ಹತ್ತಿರದ್ದು. ಹತ್ತನೆಯ ತರಗತಿಗೆ ಸಂಜೆ ವಿಶೇಷ ಪಾಠವಿಡುವುದು ಉಪಾಧ್ಯಾಯರ ಉತ್ಸಾಹವನ್ನು ಅವಲಂಬಿಸಿದ್ದಲ್ಲ, ಕಡೆಯ ಬಸ್ಸಿನ ಹೊತ್ತನ್ನು ಅವಲಂಬಿಸಿದ್ದು. ಬಸ್ಸು ತಪ್ಪಿದ ಹುಡುಗಿಯನ್ನು ಕರೆದೊಯ್ಯಲು ತಂದೆ ಹನ್ನೆರಡು ಕಿಲೋಮೀಟರು ಮೋಟಾರ್ ಸೈಕಲ್ ಓಡಿಸಿಕೊಂಡು ಬರುತ್ತಾನೆ. ಆ ಮನೆಗೆ ಹೋಗಿ ಹೊಗೆ ಕಡಮೆ ಮಾಡಿರೆಂದು ಉಪದೇಶಿಸುವ ಧೈರ್ಯ ನನಗಿಲ್ಲ.

ಹೊರದೇಶಗಳ ಅನುಭವ ಈ ವಿಷಯದಲ್ಲಿ ಏನೆಂದು ನೋಡುವುದು ಪ್ರಯೋಜನಕರ. ಸ್ವೀಡನ್ ದೇಶದ ರಾಜಧಾನಿ ಸ್ಟಾಕ್‌ಹೋಮಿನಲ್ಲಿ, ಹಗಲು ಹೊತ್ತು ನಗರದ ಒಳಭಾಗದ ಗಡಿಯನ್ನು ದಾಟುವ ಕಾರುಗಳಿಗೆ ತೆರಿಗೆ ಹಾಕಬೇಕೆಂಬ ಸೂಚನೆ ಬಂದಾಗ ಜನರಲ್ಲಿ ವಿರೋಧಿಸುವವರೇ ಹೆಚ್ಚು. ನಗರದವರು ಒಂದು ಜಾಣತನ ಮಾಡಿದರು. ತೆರಿಗೆಯನ್ನು ಒಮ್ಮೆಗೇ ಹೇರದೆ, ೨೦೦೬ರ ಜನವರಿ ೩ರಿಂದ ಜುಲೈ ಕಡೆಯವರೆಗೆ ಪರೀಕ್ಷೆಗಾಗಿ ಮಾತ್ರ ಎಂದು ಗೊತ್ತುಮಾಡಿದರು. ಅದಕ್ಕಿಂತ ಮುಖ್ಯವಾಗಿ, ಪರೀಕ್ಷೆಗೆ ತಿಂಗಳುಗಳ ಮೊದಲೇ, ೨೦೦೫ರ ಆಗಸ್ಟಿನಲ್ಲಿಯೇ, ಹೊಸ ಬಸ್ಸುಗಳನ್ನೂ ಹೊಸ ಮಾರ್ಗಗಳನ್ನೂ ಆರಂಭಿಸಿದರು. ತೆರಿಗೆ ಬಂದ ದಿನ ಕಾರನ್ನು ಮನೆಯಲ್ಲಿ ಬಿಟ್ಟವನಿಗೆ ಹತ್ತುವುದಕ್ಕೆ ಬಸ್ಸು ಸಿದ್ಧವಾಗಿತ್ತು. ಗಡಿ ದಾಟುವ ವಾಹನಗಳು ಸುಮಾರು ಐದರಲ್ಲಿ ಒಂದು ಪಾಲು ಇಳಿದವು. ರಸ್ತೆಯ ಇಕ್ಕಟ್ಟು ತೀರಿದ್ದನ್ನು ಜನ ಕಣ್ಣಾರೆ ಕಂಡರು. ಸೆಪ್ಟೆಂಬರಿನಲ್ಲಿ ನಡೆದ ಜನಮತಗಣನೆಯಲ್ಲಿ ನಗರದ ಮತದಾರರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿ ತೆರಿಗೆ ಇರಲಿ ಎಂದರು. ೨೦೦೭ರ ಆಗಸ್ಟಿನಿಂದ ಅದು ಶಾಶ್ವತವಾಯಿತು, ವಿರೋಧವೂ ವರ್ಷಗಳು ಕಳೆದಂತೆ ಕರಗಿತು. ಇದಕ್ಕೆ ಒಂದು ವರ್ಷ ಹಿಂದೆ, ೨೦೦೫ರ ಫೆಬ್ರುವರಿಯಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದಲ್ಲಿ ಅಂಥದೇ ತೆರಿಗೆಗೆ ಪರೀಕ್ಷೆಯಿಲ್ಲದೆ, ಮುಂಚಿತವಾಗಿಯೇ ಮತ ಕೇಳಿದ್ದರು. ನಾಲ್ವರಲ್ಲಿ ಮೂವರು ಬೇಡವೆಂದರು. ಯೋಜನೆ ಅಲ್ಲಿಗೆ ಮುಗಿಯಿತು.

ಸ್ಟಾಕ್‌ಹೋಮಿನ ಕಥೆಯನ್ನು ಹೇಳುವವರು ಬಿಟ್ಟುಬಿಡುವ ಒಂದು ತುಣುಕಿದೆ. ನಗರದ ಸುತ್ತಣ ಕೆಲವು ಪುರಸಭೆಗಳೂ ಅದೇ ದಿನ ತಮ್ಮ ಜನರ ಮತವನ್ನು ಕೇಳಿದವು. ಅಲ್ಲಿಯ ಒಟ್ಟು ಮತ ತೆರಿಗೆಗೆ ವಿರುದ್ಧವಾಗಿ ಬಂತು. ಒಳಗಿನವರಿಗೆ ಶುಚಿಯಾದ ಗಾಳಿ, ಹೊರಗಿನವರಿಗೆ ತೆರಿಗೆ. ಯಾರನ್ನು ಜನ ಎಂದು ಎಣಿಸುತ್ತೇವೆಂಬುದರ ಮೇಲೆ ಜನಾಭಿಪ್ರಾಯ ಬದಲಾಗುತ್ತದೆ. ಫ್ರಾನ್ಸಿನಲ್ಲಿ ೨೦೧೮ರ ನವೆಂಬರ್ ೧೭ರಂದು ಹಳದಿ ಅಂಗಿ ತೊಟ್ಟು ರಸ್ತೆಗಿಳಿದವರಲ್ಲಿ ಬಹುಮಂದಿ ಇಂಥ ಹೊರಗಿನವರೇ, ಬಸ್ಸು ರೈಲುಗಳು ವಿರಳವಾದ ಸಣ್ಣ ಊರುಗಳವರು. ಡೀಸಲಿನ ಮೇಲಿನ ತೆರಿಗೆಯನ್ನು ಇನ್ನಷ್ಟು ಏರಿಸುವ ಯೋಚನೆಯನ್ನು ಆ ಸರ್ಕಾರ ಡಿಸೆಂಬರಿನಲ್ಲಿ ಕೈಬಿಡಬೇಕಾಯಿತು. ಪ್ಯಾರಿಸಿನಲ್ಲಿ ಸುರಂಗದ ರೈಲನ್ನು ಹತ್ತುವವನಿಗೆ ಆ ತೆರಿಗೆ ತಟ್ಟುವುದು ಅತ್ಯಲ್ಪ. ಹಳ್ಳಿಯ ದಾದಿಗೆ ಅದು ತಿಂಗಳ ಸಂಬಳದಲ್ಲಿ ಕಾಣುತ್ತದೆ. ಕರ್ನಾಟಕದಲ್ಲಿ ೨೦೨೪ರ ಜೂನ್ ತಿಂಗಳಲ್ಲಿ ಪೆಟ್ರೋಲು, ಡೀಸಲುಗಳ ಮೇಲೆ ಲೀಟರಿಗೆ ಸುಮಾರು ಮೂರು ರೂಪಾಯಿ ಏರಿದಾಗ, ಅದು ಬೊಕ್ಕಸಕ್ಕಾಗಿ ಬಂದ ತೆರಿಗೆಯೇ ಹೊರತು ಹೊಗೆಗಾಗಿ ಬಂದುದಲ್ಲ. ಆದರೂ ಅದಕ್ಕೆ ಬಂದ ಪ್ರತಿಭಟನೆಯ ಧಾಟಿ ಇದೇ ಆಗಿತ್ತು.

ರಾಜಧಾನಿಯ ವಿಚಾರ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲುಸೇತುವೆ ಕಟ್ಟುವ ಯೋಜನೆಗೆ ವಿರುದ್ಧವಾಗಿ ೨೦೧೬ರ ಅಕ್ಟೋಬರ್ ೧೬ರಂದು ಬೆಂಗಳೂರಿಗರು ಕೈಕೈ ಹಿಡಿದು ರಸ್ತೆಯ ಬದಿಯಲ್ಲಿ ನಿಂತರು. ೨೦೧೭ರ ಮಾರ್ಚಿಯಲ್ಲಿ ಸರ್ಕಾರ ಯೋಜನೆಯನ್ನು ಹಿಂತೆಗೆದುಕೊಂಡಿತು. ಕಾರಿಗೆ ಇನ್ನ಼ಷ್ಟು ರಸ್ತೆ ಬೇಡ, ಬಸ್ಸು ರೈಲು ಬೇಕು ಎಂಬ ಮಾತು ಅಲ್ಲಿ ಬೀದಿಯಲ್ಲಿ ಕೇಳಿಬಂದುದು ಸಣ್ಣ ಸಂಗತಿಯಲ್ಲ.

ಈಗ ವಿದ್ಯುತ್ ಗಾಡಿಗಳಿಗೆ ಬರೋಣ. ಈ ವಿಷಯದಲ್ಲಿ ಕಾರ್ಗಲ್ಲಿನವರಿಗೆ ಮಾತನಾಡುವ ಹಕ್ಕು ಉಳಿದವರಿಗಿಂತ ತುಸು ಹೆಚ್ಚೆಂದು ನನ್ನ ಎಣಿಕೆ. ಕರ್ನಾಟಕವು ೨೦೧೭ರಲ್ಲಿ ವಿದ್ಯುತ್ ವಾಹನಗಳಿಗಾಗಿ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ಇದೇ. ಅಂಥ ಗಾಡಿಗಳಿಗೆ ತೆರಿಗೆಯ ವಿನಾಯಿತಿಯೂ ದೊರೆತಿತ್ತು; ೨೦೨೪ರಲ್ಲಿ, ಇಪ್ಪತ್ತೈದು ಲಕ್ಷ ರೂಪಾಯಿಗೂ ಮೇಲ್ಪಟ್ಟ ಬೆಲೆಯವಕ್ಕೆ ನೂರಕ್ಕೆ ಹತ್ತರಂತೆ ತೆರಿಗೆ ಹಾಕಿದರು. ವಿದ್ಯುತ್ ಸ್ಕೂಟರು ಓಡುವಾಗ ಹೊಗೆ ಬಿಡುವುದಿಲ್ಲವೆಂಬುದು ನಿಜ. ಆದರೆ ದೇಶದ ವಿದ್ಯುತ್ತಿನಲ್ಲಿ ಹೆಚ್ಚಿನ ಪಾಲು ಇಂದಿಗೂ ಕಲ್ಲಿದ್ದಲಿನಿಂದ ಹುಟ್ಟುವುದರಿಂದ, ಒಂದು ಯೂನಿಟ್ಟಿಗೆ ಸರಾಸರಿ ಸುಮಾರು ೦.೭ ಕಿಲೋ ಇಂಗಾಲದ ಡೈಆಕ್ಸೈಡು ಎಲ್ಲೋ ಒಂದು ಸ್ಥಾವರದ ಚಿಮಣಿಯಿಂದ ಹೊರಬರುತ್ತದೆ. ನಮ್ಮ ಮೂವತ್ತು ಕಿಲೋಮೀಟರಿನ ದಾರಿಗೆ ಸ್ಕೂಟರಿಗೆ ಒಂದು ಯೂನಿಟ್ಟು ಬೇಕೆಂದರೆ, ಪೆಟ್ರೋಲ್ ಮೋಟಾರ್ ಸೈಕಲ್ಲಿನ ಅರ್ಧದಷ್ಟಾಯಿತು. ಒಳ್ಳೆಯದೇ, ಆದರೆ ಸೊನ್ನೆಯಲ್ಲ. ತುಂಬಿದ ಡೀಸಲ್ ಬಸ್ಸು ಇದಕ್ಕಿಂತ ಮೇಲು!

ನಮ್ಮದು ನೀರಿನ ವಿದ್ಯುತ್ತು, ನಮಗೆ ಕಲ್ಲಿದ್ದಲಿನ ಲೆಕ್ಕವೇಕೆ ಎಂದು ಇಲ್ಲಿಯವರು ಕೇಳುತ್ತಾರೆ. ಕೇಳುವುದು ಸಹಜ. ಜೋಗದ ಮಹಾತ್ಮಾ ಗಾಂಧಿ ವಿದ್ಯುದಾಗಾರ ೧೯೪೮ರಲ್ಲಿ ಮೊದಲಾಯಿತು. ಲಿಂಗನಮಕ್ಕಿ ಅಣೆಕಟ್ಟು ೧೯೬೪ರಲ್ಲಿ ಮುಗಿಯಿತು. ಅದರ ನೀರಿನಿಂದ ಶರಾವತಿ ವಿದ್ಯುದಾಗಾರದಲ್ಲಿ ೧,೦೩೫ ಮೆಗಾವಾಟ್ ಶಕ್ತಿ ಹುಟ್ಟಬಲ್ಲದು. ಆದರೆ ತಂತಿಯೊಳಗೆ ಸೇರಿದ ವಿದ್ಯುತ್ತಿಗೆ ಊರಿನ ಗುರುತಿಲ್ಲ. ಕೆರೆಗೆ ಸುರಿದ ಕೊಡದ ನೀರಿನಂತೆ ಅದು ಎಲ್ಲರದಾಗುತ್ತದೆ. ಇಲ್ಲಿ ಒಂದು ಸ್ಕೂಟರು ಹೆಚ್ಚಾಗಿ ಕುಡಿದರೆ, ಆ ಹೊತ್ತಿಗೆ ಎಲ್ಲೋ ಒಂದೆಡೆ ಅಷ್ಟು ಹೆಚ್ಚಾಗಿ ಹುಟ್ಟಿಸಬೇಕು. ಹಿನ್ನೀರಿನಲ್ಲಿ ಊರು, ಗದ್ದೆ, ತೋಟಗಳನ್ನು ಕಳೆದುಕೊಂಡು ಗುಡ್ಡ ಹತ್ತಿದ ಮನೆತನಗಳಲ್ಲಿ ಎಷ್ಟಕ್ಕೋ ದೀಪ ಬಂದುದು ಬೆಂಗಳೂರಿಗೆ ಬೆಳಕು ಹೋದ ದಶಕಗಳ ಮೇಲೆ. ಅಂಥವರಿಗೆ ಈ ತರ್ಕವನ್ನು ಒಪ್ಪಿಸುವುದು ಸುಲಭವಲ್ಲ.

ಇದೇ ಕಾರಣದಿಂದ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಚರ್ಚೆ ಸಾರಿಗೆಯ ಚರ್ಚೆಗೂ ಸೇರಿದ್ದು. ಬಿಸಿಲಿನಿಂದ ಹಗಲಿನಲ್ಲಿ ಹುಟ್ಟಿ ಮಿಕ್ಕ ವಿದ್ಯುತ್ತಿನಿಂದ ಕೆಳಗಿನ ಗೇರುಸೊಪ್ಪೆಯ ಜಲಾಶಯದ ನೀರನ್ನು ಮೇಲಿನ ತಲಕಳಲೆಗೆ ಎತ್ತುವುದು, ಸಂಜೆ ಬೇಡಿಕೆ ಏರಿದಾಗ ಅದನ್ನು ಇಳಿಬಿಟ್ಟು ೨,೦೦೦ ಮೆಗಾವಾಟ್ ಪಡೆಯುವುದು, ಇದು ಆ ಯೋಜನೆಯ ಸಾರ. ಎತ್ತುವುದಕ್ಕೆ ಹಿಡಿಯುವ ಶಕ್ತಿ ಇಳಿಸುವಾಗ ಸಿಕ್ಕುವುದಕ್ಕಿಂತ ಹೆಚ್ಚೇ. ಲಾಭವಿರುವುದು ಹೊತ್ತಿನ ಬದಲಾವಣೆಯಲ್ಲಿ. ಬಿಸಿಲು ಗಾಳಿಗಳ ವಿದ್ಯುತ್ತು ಹೆಚ್ಚಿದಂತೆಲ್ಲ, ನಗರದ ಕಾರುಗಳು ಮನೆಗೆ ಬಂದು ಸಂಜೆ ಗೋಡೆಯ ಪ್ಲಗ್ಗಿಗೆ ಹಚ್ಚಿಕೊಂಡಂತೆಲ್ಲ, ಇಂಥ ಸಂಗ್ರಹದ ಅವಶ್ಯಕತೆ ಹೆಚ್ಚುತ್ತದೆ. ಆದರೆ ಅದಕ್ಕೆ ಬೇಕಾದ ಕಾಡು ಶರಾವತಿ ಕಣಿವೆಯ ಸಿಂಗಳೀಕಗಳ ಅಭಯಾರಣ್ಯದ್ದು. ೨೦೨೫ರ ಸೆಪ್ಟೆಂಬರಿನಲ್ಲಿ ಕಾನೂನಿನಂತೆ ಸಾರ್ವಜನಿಕ ಅಹವಾಲು ಸಭೆ ಕಾರ್ಗಲ್ಲಿನಲ್ಲಿ ನಡೆಯಿತು. ಮಾತನಾಡಿದವರಲ್ಲಿ ಬಹುಮಂದಿ ಯೋಜನೆಯನ್ನು ವಿರೋಧಿಸಿದರು. ಇವರನ್ನು ಪ್ರಗತಿಯ ವಿರೋಧಿಗಳೆಂದು ದೂರದಿಂದ ಕರೆಯುವವರಿದ್ದಾರೆ. ಸ್ಟಾಕ್‌ಹೋಮಿನ ಸುತ್ತಣ ಪುರಸಭೆಗಳ ಮತವನ್ನು ನೆನೆದರೆ ಇವರ ಮಾತು ವಿಚಿತ್ರವೆನಿಸದು. ನಗರಕ್ಕೆ ಹೊಗೆಯಿಲ್ಲದ ಗಾಡಿ ಬೇಕು, ಅದರ ಬೆಲೆಯನ್ನು ಕಾಡು ತೆರಬೇಕು ಎಂದಾಗ ಕಾಡಿನ ಬದಿಯವರನ್ನು ಕೇಳಲೇಬೇಕಾಗುತ್ತದೆ.

ಜನರು ತಾವಾಗಿ ಬೇಡಿ ಪಡೆದದ್ದೂ ನಮ್ಮ ಸೀಮೆಯಲ್ಲಿ ಉಂಟು. ಅಂಬಾರಗೋಡ್ಲು ಕಳಸವಳ್ಳಿಗಳ ನಡುವೆ, ಎರಡು ಕಿಲೋಮೀಟರಿಗೂ ಮೀರಿದ ಸೇತುವೆ ೨೦೨೫ರ ಜುಲೈ ೧೪ರಂದು ತೆರೆಯಿತು. ಹಿನ್ನೀರು ನಿಂತಂದಿನಿಂದ ತುಮರಿಯ ಕಡೆಯವರು ಸಾಗರಕ್ಕೆ ಬರಬೇಕಾದರೆ ಲಾಂಚಿಗೆ ಕಾಯಬೇಕಾಗಿತ್ತು. ಸಂಜೆ ಲಾಂಚು ನಿಂತ ಮೇಲೆ ರೋಗಿಯನ್ನು ಕರೆದೊಯ್ಯಬೇಕಾದರೆ ಹೊಸನಗರದ ಕಡೆಯಿಂದ ಬಹುದೂರ ಸುತ್ತಬೇಕಾಗಿತ್ತು. ಆ ಸುತ್ತು ತಪ್ಪಿತು, ಸುಡುವ ಎಣ್ಣೆಯೂ ಅಷ್ಟು ಉಳಿಯಿತು. ಆದರೆ ದಾರಿ ಸುಲಭವಾದರೆ ಬರುವವರೂ ಹೆಚ್ಚುತ್ತಾರೆ. ಸಿಗಂದೂರಿಗೆ ಹೋಗುವ ಭಕ್ತರು ಸಾಗರದಲ್ಲಿ ಕಾರು ನಿಲ್ಲಿಸಿ ಬಸ್ಸು ಹತ್ತುವರೋ, ಮನೆಯಿಂದ ತಂದ ಕಾರಿನಲ್ಲಿಯೇ ದೇವಸ್ಥಾನದ ಬಾಗಿಲಿಗೆ ಹೋಗುವರೋ ಎಂಬುದರ ಮೇಲೆ ಸೇತುವೆಯ ಲೆಕ್ಕ ಕೂಡುವುದೋ ಕಳೆಯುವುದೋ ತೀರ್ಮಾನವಾಗುತ್ತದೆ. ತಾಳಗುಪ್ಪದವರೆಗೆ ರೈಲು ಬರುತ್ತದೆ. ಅಲ್ಲಿಂದ ಜೋಗಕ್ಕೆ ಉಳಿಯುವ ದಾರಿ ಅಲ್ಪ. ಬೆಂಗಳೂರಿನಿಂದ ರಾತ್ರಿಯ ರೈಲಿನಲ್ಲಿ ಬಂದಿಳಿದವರಿಗೆ ಹೊತ್ತಿಗೆ ಸರಿಯಾಗಿ ಒಂದು ಬಸ್ಸನ್ನು ಕೂಡಿಸುವುದಕ್ಕೆ ಅಣೆಕಟ್ಟಿನ ಖರ್ಚೇನೂ ಬೇಡ.

ಕಡೆಯದಾಗಿ ಜನರನ್ನು ಕೇಳುವ ಕ್ರಮದ ಬಗೆಗೆ. ವಿದ್ಯುತ್ ದರ ಏರಬೇಕಾದರೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಬಹಿರಂಗ ವಿಚಾರಣೆ ನಡೆಸುತ್ತದೆ. ಮೆಸ್ಕಾಂ ಗ್ರಾಹಕರಾದ ನಾವೂ ಅಲ್ಲಿ ಆಕ್ಷೇಪ ಸಲ್ಲಿಸಬಹುದು. ಸರ್ಕಾರಿ ಬಸ್ಸಿನ ದರ ನೂರಕ್ಕೆ ಹದಿನೈದು ಏರಿದುದು ಹೇಗೆ? ೨೦೨೫ರ ಜನವರಿ ೨ರಂದು ಸಚಿವ ಸಂಪುಟದ ನಿರ್ಣಯ, ೫ರಂದು ಜಾರಿ. ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ಪ್ರಕಾರ, ಸರ್ಕಾರಿ ಬಸ್ಸಿಗೆ ಮಾರ್ಗಗಳನ್ನು ಮೀಸಲಿಡುವ ಯೋಜನೆಯನ್ನು ಸರ್ಕಾರ ರಾಜ್ಯಪತ್ರದಲ್ಲಿ ಪ್ರಕಟಿಸಿದ ಮೂವತ್ತು ದಿನಗಳೊಳಗೆ ಯಾರು ಬೇಕಾದರೂ ಆಕ್ಷೇಪ ಸಲ್ಲಿಸಬಹುದು. ಪರವಾನಗಿಗಳನ್ನು ಕೊಡುವುದು ಪ್ರತಿ ಜಿಲ್ಲೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಜಿಲ್ಲಾಧಿಕಾರಿಗಳೇ ಅದರ ಅಧ್ಯಕ್ಷರು. ನಿಂತುಹೋದ ಓಟದ ವಿಷಯದಲ್ಲಿ ಅರ್ಜಿ ಬರೆಯುವವರು ‘ನಮಗೆ ತುಂಬ ತೊಂದರೆಯಾಗಿದೆ’ ಎಂದಷ್ಟೇ ಬರೆದರೆ ಅದು ಕಟ್ಟಿನೊಳಗೆ ಮಲಗುತ್ತದೆ. ಯಾವ ಮಾರ್ಗ, ಯಾವ ಹೊತ್ತು, ಒಂದು ವಾರದಲ್ಲಿ ದಿನಕ್ಕೆ ಎಷ್ಟು ಜನ ಆ ನಿಲ್ದಾಣದಲ್ಲಿ ಕಾದರು, ಅವರಲ್ಲಿ ವಿದ್ಯಾರ್ಥಿಗಳೆಷ್ಟು, ಬಸ್ಸು ತಪ್ಪಿ ಮೋಟಾರ್ ಸೈಕಲ್ಲಿನಲ್ಲಿಯೋ ಬಾಡಿಗೆ ಜೀಪಿನಲ್ಲಿಯೋ ಹೋದವರೆಷ್ಟು ಎಂದು ಎಣಿಸಿ ಬರೆಯಬೇಕು. ಎಣಿಸುವ ಕೆಲಸವನ್ನು ಹೈಸ್ಕೂಲಿನ ಹುಡುಗರು ಚೆನ್ನಾಗಿ ಮಾಡುತ್ತಾರೆ.